ಕೇಶರಬಾಯಿಯ ಹೊಲಿಗೆ ತಪಾಸಣೆ

ಘಾಟಬೋರಾಳದಲ್ಲಿ ಯಾರಿಗಾದರೂ ಹೊಟ್ಟೆಯ ಆಪರೇಷನ್ ಆದರೆ ಅದು ಡಾಕ್ಟರರ ಕೈಯಲ್ಲೇ ಮುಗಿದುಹೋಗುವ ಸಂಗತಿಯಾಗಿರಲಿಲ್ಲ. ಹುಮನಾಬಾದಿನಲ್ಲಿ ಕೊಯ್ಯಿಸಿಕೊಂಡಿರಲಿ, ಬಸವಕಲ್ಯಾಣದಲ್ಲಿ ಕೊಯ್ಯಿಸಿಕೊಂಡಿರಲಿ, ರೋಗಿ ಊರಿಗೆ ಬಂದು ಮಂಚದ ಮೇಲೆ ಬೆನ್ನು ಚಾಚಿದ ಮರುದಿನವೇ ಕೇಶರಬಾಯಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹಾಜರಾಗುತ್ತಿದ್ದಳು. ಹೇಗಿದ್ದೀರಿ, ಊಟ ಸೇರುತ್ತಿದೆಯೇ ಎಂಬ ಉಪಚಾರವನ್ನೆಲ್ಲ ಅವಳು ಬೇರೆಯವರಿಗೆ ಬಿಟ್ಟಿದ್ದಳು. ಅವಳದು ಒಂದೇ ಬೇಡಿಕೆ, ಹೊಲಿಗೆ ತೋರಿಸಬೇಕು.

ಇದು ಚಪಲವಲ್ಲ, ಕಸುಬು ಎಂದು ಅವಳು ಎಷ್ಟೋ ಜನರಿಗೆ ತಿಳಿಸಿ ಹೇಳಿದ್ದಳು. ಹದಿನಾರನೆಯ ವಯಸ್ಸಿಗೆ ಸಂಗಪ್ಪನನ್ನು ಕಟ್ಟಿಕೊಂಡು ಈ ಊರಿಗೆ ಬಂದಾಗ ಅತ್ತೆ ಅವಳ ಕೈಗೆ ಮೊದಲು ಕೊಟ್ಟದ್ದು ಒಂದು ಸೂಜಿ ಮತ್ತು ಹಳೆಯ ಬಟ್ಟೆಯ ಗಂಟು. ಹರಿದ ಸೀರೆ, ಸವೆದ ಧೋತರ, ಮಕ್ಕಳ ಅಂಗಿಯ ಚೂರುಗಳನ್ನು ಪದರು ಪದರಾಗಿ ಹಾಸಿ ಕೌದಿ ಹೊಲಿಯುವುದನ್ನು ಅವಳು ಎರಡು ಬೇಸಿಗೆಯಲ್ಲಿ ಕಲಿತಳು. ಮೂರನೆಯ ಬೇಸಿಗೆಗೆ ಅತ್ತೆಯ ಹೊಲಿಗೆಯಲ್ಲೇ ತಪ್ಪು ಹಿಡಿದಳು. ಈಗ ಐವತ್ತೆಂಟು ದಾಟಿದ್ದಾಳೆ. ಮಳೆಗಾಲದಲ್ಲಿ ತೊಗರಿ, ಸೋಯಾ ಹೊಲದ ಕಳೆ ತೆಗೆಯುವುದು, ಬೇಸಿಗೆಯಲ್ಲಿ ಬೇವಿನ ನೆರಳಿನಲ್ಲಿ ಕೌದಿ ಹರಡಿಕೊಂಡು ಕೂರುವುದು ಅವಳ ಬದುಕು. ಗೆರೆ ಎಳೆಯದೆ ಅವಳು ಹಾಕಿದ ಹೊಲಿಗೆ ಈ ತುದಿಯಿಂದ ಆ ತುದಿಗೆ ಕೂದಲೆಳೆಯಷ್ಟೂ ಸೊಟ್ಟಗಾಗುವುದಿಲ್ಲ. ಅಂಥವಳಿಗೆ ಹೊಟ್ಟೆಯ ಮೇಲಿನ ಹೊಲಿಗೆ ಕಂಡರೆ ಕೈ ಕಟ್ಟಿಕೊಂಡು ಕೂರಲಾಗುತ್ತದೆಯೇ?

ಸುತ್ತಲಿನ ಡಾಕ್ಟರರೆಲ್ಲರಿಗೂ ಅವಳ ಹತ್ತಿರ ಅಂಕಗಳಿದ್ದವು. ಒಬ್ಬನ ಹೊಲಿಗೆ ಬಿಗಿ, ಚೀಲದ ಬಾಯಿ ಹೊಲಿದ ಹಾಗೆ. ಇನ್ನೊಬ್ಬನದು ದೂರ ದೂರ, ದಾರ ಉಳಿಸುವ ಜಿಪುಣ. ಬಸವಕಲ್ಯಾಣದಲ್ಲಿ ಒಬ್ಬರು ದಾರವೇ ಇಲ್ಲದೆ ಪಿನ್ನು ಹೊಡೆದು ಕಳಿಸಿದ್ದನ್ನು ಕಂಡು ಅವಳು ಎರಡು ದಿನ ಸರಿಯಾಗಿ ಉಂಡಿರಲಿಲ್ಲ. ಸ್ವಂತ ಗಂಡ ಸಂಗಪ್ಪನ ಹರ್ನಿಯಾ ಆಪರೇಷನ್ನನ್ನು ಮೂರು ತೂತಿನಲ್ಲೇ ಮುಗಿಸಿ ಕಳಿಸಿದಾಗ ಓಣಿಯಲ್ಲಿ ತಲೆ ಎತ್ತಿ ತಿರುಗಲಾಗದೆ, ಕೇಳಿದವರಿಗೆ ಹಲ್ಲು ಕೀಳಿಸಲು ಹೋಗಿದ್ದರೆಂದು ಹೇಳಿದ್ದಳು. ಸಂಗಪ್ಪ ಪಾಪ, ತಿಂಗಳುಗಟ್ಟಲೆ ಬಾಯಿ ಮುಚ್ಚಿಕೊಂಡು ನಕ್ಕಿದ್ದ.

ತಪಾಸಣೆಗೆ ಒಂದು ಕ್ರಮವಿತ್ತು. ಮೊದಲು ಗಾಯದ ಪಟ್ಟಿಯ ಅಂಚನ್ನು ಉಗುರಿನಿಂದ ಎಬ್ಬಿಸುವುದು. ಆಮೇಲೆ ಹೆಬ್ಬೆರಳನ್ನು ನಾಲಿಗೆಗೆ ಮುಟ್ಟಿಸಿ ಒದ್ದೆ ಮಾಡಿಕೊಂಡು ಹೊಲಿಗೆಯ ಉದ್ದಕ್ಕೂ ಮೆಲ್ಲಗೆ ಎಳೆಯುವುದು. ಕೌದಿಯಲ್ಲಿ ದಾರ ಸಡಿಲವೋ ಬಿಗಿಯೋ ತಿಳಿಯುವುದು ಹೀಗೆಯೇ, ಒಣ ಬೆರಳಿಗೆ ಅದು ಗೊತ್ತಾಗುವುದಿಲ್ಲ. ಆ ನಾಲಿಗೆಯ ಮೇಲೆ ಬೆಳಗಿನಿಂದ ಸಂಜೆಯವರೆಗೆ ಅಡಿಕೆ, ಸುಣ್ಣ, ತಂಬಾಕು ಠಿಕಾಣಿ ಹೂಡಿರುತ್ತಿದ್ದವು ಎಂಬುದನ್ನು ಇಲ್ಲಿ ಮುಚ್ಚಿಟ್ಟರೆ ಮುಂದಿನ ಕಥೆ ತಿಳಿಯುವುದಿಲ್ಲ. ಕೆಲವರ ಗಾಯ ಹಾಗೇ ಮಾಯುತ್ತಿತ್ತು. ಕೆಲವರದು ಕೀವಾಗುತ್ತಿತ್ತು. ಕೀವಾದರೆ ಅದಕ್ಕೂ ತೀರ್ಪು ಕೊಡುವವಳು ಅವಳೇ. ಬದನೆಕಾಯಿ ತಿಂದಿರಬೇಕು, ನಂಜಾಗಿದೆ ಎನ್ನುತ್ತಿದ್ದಳು. ರೋಗಿ ತಿಂದಿಲ್ಲವೆಂದು ಆಣೆ ಇಟ್ಟರೆ, ಹಾಗಾದರೆ ಬದನೆಕಾಯಿ ಬೇಯಿಸಿದ ಗಡಿಗೆಯಲ್ಲಿ ಬೇಳೆ ಬೇಯಿಸಿರಬೇಕು ಎನ್ನುತ್ತಿದ್ದಳು.

ಸುಮನಬಾಯಿ ಅವಳ ಎದುರು ಸೂಜಿ. ದೊಡ್ಡ ಕೌದಿಯಾದರೆ ಇಬ್ಬರೂ ಎದುರೆದುರು ಮೂಲೆಯಿಂದ ಶುರುಮಾಡಿ ನಡುವೆ ಬಂದು ಸೇರುತ್ತಿದ್ದರು. ನಲವತ್ತು ವರ್ಷದಿಂದ ಹೀಗೇ ಹೊಲಿಯುತ್ತ, ನಿನ್ನ ಸಾಲು ಡೊಂಕು ನನ್ನ ಸಾಲು ನೆಟ್ಟಗೆ ಎಂದು ಜಗಳವಾಡುತ್ತ, ಜಗಳ ಮುಗಿದ ಮೇಲೆ ಒಂದೇ ತಟ್ಟೆಯಲ್ಲಿ ಚುರುಮುರಿ ತಿನ್ನುತ್ತ ಬಂದಿದ್ದರು. ಸುಮನಬಾಯಿಗೆ ಸಕ್ಕರೆ ಕಾಯಿಲೆ. ಕಳೆದ ವರ್ಷ ಗರ್ಭಕೋಶದಲ್ಲಿ ಗಡ್ಡೆಯಾಗಿ ಹುಮನಾಬಾದಿನ ಒಂದು ನರ್ಸಿಂಗ್ ಹೋಮಿನಲ್ಲಿ ಆಪರೇಷನ್ ಆಯಿತು. ಆಪರೇಷನ್ ಸುಸೂತ್ರವಾಗಿಯೇ ಆಯಿತು. ಆರನೆಯ ದಿನ ಮನೆಗೆ ಕಳಿಸುವಾಗ ನರ್ಸ್ ಕುಲ್ಸುಮ್ ಬೀ, ಸುಮನಬಾಯಿಯ ಮಗ ದಿಲೀಪನಿಗೂ ಸೊಸೆ ಮೀನಾಳಿಗೂ ಒಂದೊಂದೇ ಬೆರಳು ಮಡಚಿ ಹೇಳಿದ್ದಳು. ಪಟ್ಟಿ ಬಿಚ್ಚಬಾರದು, ನೀರು ತಾಗಿಸಬಾರದು, ಅರಿಶಿನ, ಎಣ್ಣೆ, ದೇವರ ಅಂಗಾರದ ಬೂದಿ ಏನನ್ನೂ ಹಚ್ಚಬಾರದು, ಗುಳಿಗೆಯನ್ನು ನಡುವೆ ನಿಲ್ಲಿಸಬಾರದು, ಸಕ್ಕರೆ ಏರಗೊಡಬಾರದು.

ಮರುದಿನ ಕೇಶರಬಾಯಿ ಬಂದಾಗ ಮೀನಾ ಬಾಗಿಲಲ್ಲೇ ನಿಂತು, ಪಟ್ಟಿ ಮಾತ್ರ ಬಿಚ್ಚಬೇಡಿರೆಂದು ಕೈ ಜೋಡಿಸಿದಳು. ಕೇಶರಬಾಯಿ ಹೂಂ ಎಂದಳು. ಹೂಂ ಎಂದವಳೇ, ಒಂದು ಕಪ್ ಚಹಾ ಮಾಡಿಕೊಂಡು ಬಾ ತಂಗಿ ಎಂದು ಅವಳನ್ನು ಒಳಗೆ ಕಳಿಸಿದಳು. ಸುಮನಬಾಯಿಯೂ ಕಡಿಮೆಯವಳಲ್ಲ. ಹನ್ನೆರಡು ಹೊಲಿಗೆ ಬಿದ್ದಿವೆ ನೋಡು ಎಂದು ತಾನೇ ಸೀರೆ ಸರಿಸಿದಳು. ಚಹಾ ಕುದಿಯುವಷ್ಟರಲ್ಲಿ ತಪಾಸಣೆ ಮುಗಿದಿತ್ತು. ನಾಲ್ಕನೆಯದಕ್ಕೂ ಐದನೆಯದಕ್ಕೂ ಅಂತರ ಜಾಸ್ತಿ, ಎಂಟನೆಯದನ್ನು ಎಳೆದು ಕಟ್ಟಿದ್ದಾರೆ, ಉಳಿದದ್ದು ಪರವಾಗಿಲ್ಲ ಎಂದು ಹೆಬ್ಬೆರಳು ವರದಿ ಕೊಟ್ಟಿತು. ಪಟ್ಟಿಯನ್ನು ಮತ್ತೆ ಅಂಟಿಸಿ ನಾಲ್ಕೂ ಮೂಲೆಗಳನ್ನು ಒಳಗೆ ಮಡಚಿದಳು. ಕೌದಿಯ ಮೂಲೆಯನ್ನೂ ಅವಳು ಹೀಗೇ ಮಡಚುವುದು, ಕೈಗೆ ಬೇರೆ ರೀತಿ ಬರುವುದಿಲ್ಲ. ಆಮೇಲೆ ಇಬ್ಬರೂ ಏನೂ ಆಗದವರಂತೆ ಕೂತು ಚಹಾ ಕುಡಿದರು.

ಅದಾದ ಮೂರನೆಯ ದಿನ ಸುಮನಬಾಯಿಗೆ ಚಳಿ ಹತ್ತಿತು. ನಾಲ್ಕನೆಯ ದಿನ ಮೈ ಸುಡತೊಡಗಿತು, ಪಟ್ಟಿಯಿಂದ ವಾಸನೆ ಬಂತು. ಕೇಶರಬಾಯಿ ಅಂಗಳದಲ್ಲೇ ನಿಂತು ಬದನೆಕಾಯಿ ಎಂದಳು. ಮನೆಯಲ್ಲಿ ಹದಿನೈದು ದಿನದಿಂದ ಬದನೆಕಾಯಿ ಕಂಡೇ ಇಲ್ಲವೆಂದು ಮೀನಾ ಹೇಳಿದಳು. ಗಡಿಗೆಯ ಮಾತು ಬಾಯಿಗೆ ಬರುವಷ್ಟರಲ್ಲಿ ದಿಲೀಪ ಆಟೊ ತಂದು ನಿಲ್ಲಿಸಿದ. ಮೀನಾಳ ಜೊತೆ ಕೇಶರಬಾಯಿಯೂ ಅದನ್ನೇ ಹತ್ತಿದಳು.

ನರ್ಸಿಂಗ್ ಹೋಮಿನಲ್ಲಿ ಡಾಕ್ಟರ್ ಗಾಯವನ್ನು ಪೂರಾ ಬಿಚ್ಚಿ ತೊಳೆಯಬೇಕಾಯಿತು. ಸಕ್ಕರೆ ಮುನ್ನೂರರ ಮೇಲೆ ಏರಿತ್ತು. ಇನ್ನೊಂದು ದಿನ ತಡವಾಗಿದ್ದರೆ ವಿಷ ರಕ್ತಕ್ಕೆ ಹೋಗುತ್ತಿತ್ತು, ಈಗಲೂ ನಾಲ್ಕು ದಿನ ಕಳೆಯುವವರೆಗೆ ಭರವಸೆ ಕೊಡಲಾರೆ ಎಂದು ಅವರು ದಿಲೀಪನಿಗೆ ಹೇಳಿದ್ದು ಹೊರಗೆ ಬೆಂಚಿನ ಮೇಲಿದ್ದ ಕೇಶರಬಾಯಿಗೂ ಕೇಳಿಸಿತು. ಅವಳ ಬಾಯಲ್ಲಿದ್ದ ಅಡಿಕೆ ಅಲ್ಲೇ ನಿಂತಿತು. ಕುಲ್ಸುಮ್ ಬೀ ಹಳೆಯ ಪಟ್ಟಿಯನ್ನು ಇಕ್ಕಳದಲ್ಲಿ ಎತ್ತಿ ಹಿಡಿದು, ಇದು ತಾನು ಹಚ್ಚಿದ ಹಾಗಿಲ್ಲ, ಯಾರು ಬಿಚ್ಚಿದರು ಎಂದು ಕೇಳಿದಳು. ಕೋಣೆಯಲ್ಲಿ ದಿಲೀಪ, ಮೀನಾ, ಬಾಗಿಲಲ್ಲಿ ಕೇಶರಬಾಯಿ. ಜ್ವರದಲ್ಲಿ ನಡುಗುತ್ತಿದ್ದ ಸುಮನಬಾಯಿ ಮೇಲಿನ ಫ್ಯಾನು ನೋಡುತ್ತ ಹೇಳಿದಳು.

"ನಾನ ಬಿಚ್ಚೇನ್ರಿ. ಕಡಿಯಾಕತ್ತಿತ್ತು, ಕೆರಕೊಂಡೆ."

ದಿಲೀಪ ಹೆಂಡತಿಯ ಕಡೆ ತಿರುಗಿದ. ಮನೆಯಲ್ಲಿ ಕಣ್ಣಿಟ್ಟು ನೋಡಿಕೊಳ್ಳುವುದೊಂದು ಕೆಲಸ ನಿನಗೆ ಆಗಲಿಲ್ಲ, ಒಂದು ಪಟ್ಟಿ ಕಾಯಲಾಗಲಿಲ್ಲ ಎಂದು ಆಸ್ಪತ್ರೆಯ ಪಡಸಾಲೆಯಲ್ಲೆಲ್ಲ ಕೇಳುವಂತೆ ಬಯ್ದ. ಮೀನಾಳಿಗೆ ನಿಜ ಗೊತ್ತಿತ್ತು. ಚಹಾ ತಂದಾಗ ಮಡಚಿದ ಮೂಲೆ ನೋಡಿದ್ದಳು. ಆದರೆ ಅತ್ತೆ ಕಣ್ಣಲ್ಲೇ ಬೇಡವೆಂದಳು, ಅವಳು ತಲೆ ತಗ್ಗಿಸಿ ನಿಂತಳು. ಕೇಶರಬಾಯಿಗೆ ನಾಚಿಕೆಯಾಯಿತು. ಎಷ್ಟು ನಾಚಿಕೆ ಎಂದರೆ ಬಾಯಿ ತೆರೆಯಲು ಬೇಕಾದ ಧೈರ್ಯವೂ ಅದರಲ್ಲೇ ಕೊಚ್ಚಿಹೋಯಿತು.

ಮನೆಯಲ್ಲಿ ಮೀನಾಳಿಗೆ ಸಣ್ಣ ಮಕ್ಕಳಿದ್ದರು, ಹೊಲದಲ್ಲಿ ತೊಗರಿ ಕೊಯ್ಲಿಗೆ ಬಂದಿತ್ತು. ಆಸ್ಪತ್ರೆಯಲ್ಲಿ ತಾನು ಕೂರುತ್ತೇನೆಂದು ಕೇಶರಬಾಯಿ ಹೇಳಿದಳು. ಎಂಥ ಗೆಳತಿ, ಒಡಹುಟ್ಟಿದವರೂ ಹೀಗೆ ಮಾಡುವುದಿಲ್ಲ ಎಂದು ಪಕ್ಕದ ಮಂಚದವರು ಹೊಗಳಿದರು. ಹೊಗಳಿಕೆ ಇಷ್ಟು ಉರಿಯುತ್ತದೆಂದು ಅವಳಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಆಸ್ಪತ್ರೆ ಸೇರಿದ ಐದನೆಯ ದಿನ ಜ್ವರ ಇಳಿದು ಸುಮನಬಾಯಿ ಕಣ್ಣು ಬಿಟ್ಟು ಮೊದಲು ಆಡಿದ ಮಾತು ದೇವರ ಹೆಸರಾಗಿರಲಿಲ್ಲ.

"ಕೂಸಿನ ಕೌದಿ ಹೊಲಿಯೋಮುಂದ ಎರಡೆರಡು ಸಲ ಕೈ ತೊಳೀತಿದ್ದಿ. ನನ್ನ ಹೊಟ್ಟಿಗಿ ಉಗುಳ ಸಾಕಾತೇನು?"

ಕೇಶರಬಾಯಿ ಅತ್ತಳು. ಈಗಲೇ ದಿಲೀಪನಿಗೆ ಹೇಳಿಬಿಡುತ್ತೇನೆಂದು ಎದ್ದಳು. ಸುಮನಬಾಯಿ ಅವಳ ಸೆರಗು ಹಿಡಿದು ಕೂರಿಸಿದಳು. ಹುಡುಗ ಸಿಟ್ಟಿನವನು, ನಿನ್ನನ್ನು ಮತ್ತೆ ಅಂಗಳಕ್ಕೆ ಬಿಟ್ಟುಕೊಳ್ಳುವುದಿಲ್ಲ, ಆಮೇಲೆ ಎದುರು ಮೂಲೆಯಲ್ಲಿ ಯಾರನ್ನು ಕೂರಿಸಿಕೊಂಡು ಹೊಲಿಯಲಿ ಎಂದಳು. ಕೇಶರಬಾಯಿ ಕೂತಳು. ಕೂತಿದ್ದು ಸುಲಭವಾಗಿತ್ತು ಎಂಬುದೇ ಅವಳಿಗೆ ಆಮೇಲೆ ಚುಚ್ಚುತ್ತಿತ್ತು.

ಅಂದಿನಿಂದ ಆ ಕೋಣೆಯಲ್ಲಿ ಕೇಶರಬಾಯಿಯ ರಾಜ್ಯ. ಅಡಿಕೆ ಚೀಲ ಕಿಟಕಿಯಿಂದ ಹೊರಗೆ ಹೋಯಿತು. ಬಾಗಿಲ ಬಳಿಯ ನಳದ ಮೇಲೆ ಸಾಬೂನು ಬಂತು. ಕುಲ್ಸುಮ್ ಬೀ ಕೈ ತೊಳೆಯುವ ರೀತಿಯನ್ನು ಒಮ್ಮೆ ತೋರಿಸಿದ್ದೇ ತಡ, ಬೆರಳ ಸಂದು, ಹೆಬ್ಬೆರಳ ಬುಡ, ಉಗುರಿನ ತುದಿ ಎಲ್ಲವೂ ಅವಳಿಗೆ ಬಾಯಿಪಾಠವಾಯಿತು. ಆಪರೇಷನ್ ತಾವು ಒಂದು ತಾಸಿನಲ್ಲಿ ಮುಗಿಸುತ್ತೇವೆ, ಉಳಿದ ಹದಿನೈದು ದಿನ ಗಾಯ ಮನೆಯವರ ಕೈಯಲ್ಲಿರುತ್ತದೆ, ಕಣ್ಣಿಗೆ ಕಾಣದ ಹುಳ ಹೋಗುವುದೂ ಆ ಕೈಯಿಂದಲೇ ಎಂದು ಕುಲ್ಸುಮ್ ಬೀ ಹೇಳಿದಳು. ಕೇಶರಬಾಯಿ ತನ್ನ ಹೆಬ್ಬೆರಳನ್ನು ಬಹಳ ಹೊತ್ತು ನೋಡುತ್ತ ಕೂತಳು. ಮಾರನೆಯ ದಿನ ಡಾಕ್ಟರೇ ಬಂದು ಪಟ್ಟಿಗೆ ಕೈ ಚಾಚಿದಾಗ ಅವಳು ನಡುವೆ ನಿಂತಳು.

"ಸಾಹೇಬ್ರ, ಕೈ ತೊಳ್ಕೊಂಡಿದ್ದು ನಾ ನೋಡಿಲ್ರಿ."

ಅವರು ಹೊರಗಿನ ಕೋಣೆಯಲ್ಲಿ ತೊಳೆದುಕೊಂಡೇ ಬಂದಿದ್ದರು. ಹಾಗೆಂದು ಹೇಳಲು ಬಾಯಿ ತೆರೆದವರು ಅವಳ ಮುಖ ನೋಡಿ ಸುಮ್ಮನೆ ನಳದ ಕಡೆ ನಡೆದರು. ಕುಲ್ಸುಮ್ ಬೀ ಗೋಡೆಗೆ ಮುಖ ಮಾಡಿ ನಕ್ಕಳು.

ಊಟದ ವಿಷಯಕ್ಕೆ ಬಂದಾಗ ಮಾತ್ರ ಕೇಶರಬಾಯಿಗೆ ದೊಡ್ಡ ಪೆಟ್ಟು ಬಿತ್ತು. ಗಾಯ ಮಾಯಬೇಕಾದರೆ ಬೇಳೆ, ಕಾಳು, ಹಾಲು, ತರಕಾರಿ ಎಲ್ಲ ಹೊಟ್ಟೆಗೆ ಹೋಗಬೇಕೆಂದಳು ಕುಲ್ಸುಮ್ ಬೀ. ಬದನೆಕಾಯಿ ಎಂದು ಕೇಶರಬಾಯಿ ಮೆಲ್ಲಗೆ ಕೇಳಿದಳು. ಬದನೆಕಾಯಿ ಏನು ಪಾಪ ಮಾಡಿದೆ, ತಿನ್ನಿಸಿ ಎಂದಳು ಅವಳು. ಮೂವತ್ತು ವರ್ಷ ತಾನು ಕೊಟ್ಟ ತೀರ್ಪುಗಳೆಲ್ಲ ಕೇಶರಬಾಯಿಯ ಕಣ್ಣ ಮುಂದೆ ಸಾಲಾಗಿ ಬಂದು ನಿಂತವು. ಕಮಳಾಬಾಯಿಯ ಸಿಸೇರಿಯನ್, ಕಾಶಿರಾಮನ ಅಪೆಂಡಿಕ್ಸ್, ಇನ್ನೂ ಯಾರಾರದೋ. ಎಲ್ಲರ ಕೀವಿಗೂ ಒಂದು ತರಕಾರಿ ಶಿಕ್ಷೆ ಅನುಭವಿಸಿತ್ತು, ಬೆರಳು ಮಾತ್ರ ಆರಾಮಾಗಿ ತಿರುಗಾಡಿತ್ತು. ಅಂದು ಮೀನಾ ತಂದ ಬದನೆಕಾಯಿ ಪಲ್ಯವನ್ನು ಸುಮನಬಾಯಿಗೆ ತಿನ್ನಿಸುವಾಗ ಅವಳು ತುತ್ತಿನ ಮುಖ ನೋಡಲಿಲ್ಲ.

ಹನ್ನೊಂದನೆಯ ದಿನ ಗಾಯ ಒಳಗಿನಿಂದ ಕೆಂಪಾಗಿ ತುಂಬಿಕೊಂಡಿತು, ಡಾಕ್ಟರ್ ಮತ್ತೆ ಹೊಲಿದರು. ಈ ಸಲ ಒಂಬತ್ತು ಹೊಲಿಗೆ. ಸುದ್ದಿ ಊರಿಗೆ ತಲುಪಿದ ಕೂಡಲೇ ಘಾಟಬೋರಾಳದಿಂದ ಒಂದು ಟಂಟಂ ಗಾಡಿ ತುಂಬ ಜನ ಮಾತಾಡಿಸಲು ಹೊರಟರು. ಬರುವವರೆಲ್ಲ ತನ್ನ ಶಿಷ್ಯರೇ, ಹೊಲಿಗೆ ನೋಡದೆ ಹಿಂದಿರುಗುವ ಪೈಕಿ ಅಲ್ಲವೆಂದು ಕೇಶರಬಾಯಿಗಿಂತ ಚೆನ್ನಾಗಿ ಬಲ್ಲವರು ಯಾರು? ಪಟ್ಟಿ ಬದಲಿಸುವಾಗ ಅವಳು ಮಂಚದ ಕಾಲ ಬಳಿ ಕೈ ಹಿಂದೆ ಕಟ್ಟಿ ನಿಂತು ಕಣ್ಣಲ್ಲೇ ಅಳತೆ ತೆಗೆದುಕೊಂಡಿದ್ದಳು. ಹಸಿರು ಕುಪ್ಪಸದ ಬಟ್ಟೆಯ ಒಂದು ಚೌಕಕ್ಕೆ ಕರಿ ದಾರದಿಂದ ಒಂಬತ್ತು ಹೊಲಿಗೆ ಹಾಕಿದಳು. ಅಂತರ, ಗಂಟು, ಡಾಕ್ಟರರ ಕೈ ನಡುಗಿದ ಜಾಗ, ಯಾವುದನ್ನೂ ಬಿಡಲಿಲ್ಲ. ಅವಳು ಮೂಲೆ ಮಡಚುತ್ತಿದ್ದಾಗ ಕುಲ್ಸುಮ್ ಬೀ ಹಿಂದೆ ಬಂದು ನಿಂತಳು. ಈ ಮೂಲೆಯನ್ನು ಎಲ್ಲೋ ನೋಡಿದ್ದೇನಲ್ಲ ಎಂದಳು. ಸೂಜಿ ಕೇಶರಬಾಯಿಯ ಬೆರಳಿಗೆ ಹೊಕ್ಕಿತು. ಕುಲ್ಸುಮ್ ಬೀ ಇನ್ನೇನೂ ಕೇಳದೆ, ಬೆರಳಿಗೆ ಔಷಧ ಹಚ್ಚಿ ಹೋದಳು.

ಟಂಟಂ ಬಂತು. ಒಬ್ಬೊಬ್ಬರೇ ಬಾಗಿಲಿಗೆ ಬರಬೇಕು, ಅಲ್ಲಿಂದಲೇ ಕೈ ಮುಗಿಯಬೇಕು, ಹೊಲಿಗೆ ನೋಡುವವರಿಗೆ ಹೊಲಿಗೆ ಬೆಂಚಿನ ಮೇಲೆ ಇದೆ ಎಂದಳು ಕೇಶರಬಾಯಿ. ಜನ ಮೊದಲು ಮುನಿಸಿಕೊಂಡರು. ಆಮೇಲೆ ಬಟ್ಟೆಯ ಚೌಕ ಕೈಯಿಂದ ಕೈಗೆ ಹೋಗಿ, ಆರನೆಯ ಹೊಲಿಗೆ ಸರಿಯೋ ತಪ್ಪೋ ಎಂದು ಅಲ್ಲೇ ಎರಡು ಪಕ್ಷವಾಯಿತು. ಒಳಗೆ ಮಲಗಿದವಳ ನೆನಪು ಯಾರಿಗೂ ಉಳಿಯಲಿಲ್ಲ. ಊರ ಹಿರಿಯ ಮಹಾರುದ್ರಪ್ಪ ಮಾತ್ರ ಜಗ್ಗಲಿಲ್ಲ. ದೇವರ ಅಂಗಾರವನ್ನು ಕಾಗದದಲ್ಲಿ ಕಟ್ಟಿಕೊಂಡು ಬಂದಿದ್ದ, ಗಾಯಕ್ಕೆ ತನ್ನ ಕೈಯಾರೆ ಹಚ್ಚಿಯೇ ಹೋಗುವವನಿದ್ದ. ಕೇಶರಬಾಯಿ ಭಕ್ತಿಯಿಂದ ಎರಡೂ ಕೈ ಚಾಚಿ ಕಾಗದ ತೆಗೆದುಕೊಂಡಳು, ಮಂಚದ ಕಬ್ಬಿಣದ ಕಾಲಿಗೆ ನಾಲ್ಕೂ ಕಡೆ ಹಚ್ಚಿದಳು.

"ಮಂಚಕ್ಕ ಹಚ್ಚೇನ್ರಿ ಯಜಮಾನ್ರ. ದೇವರಿಗಿ ಮ್ಯಾಲ ಹತ್ತಾಕ ಬರ್ತದ್ರಿ."

ಮಹಾರುದ್ರಪ್ಪನಿಗೆ ಇದರಲ್ಲಿ ಅವಮಾನವಾಯಿತೋ ಸನ್ಮಾನವಾಯಿತೋ ತಿಳಿಯದೆ, ಕೈ ತೊಳೆದುಕೊಂಡು ಟಂಟಂ ಹತ್ತಿದ.

ಇಷ್ಟೆಲ್ಲ ನಡೆದರೂ ಒಂದು ಮಾತ್ರ ಸರಿಹೋಗಿರಲಿಲ್ಲ. ಮೀನಾ ಎರಡು ದಿನಕ್ಕೊಮ್ಮೆ ಡಬ್ಬಿ ತರುತ್ತಿದ್ದಳು. ಬಾಗಿಲಲ್ಲಿ ಕೈ ತೊಳೆಯುತ್ತಿದ್ದಳು, ಅತ್ತೆಯ ಕಾಲು ಒತ್ತುತ್ತಿದ್ದಳು, ಹೋಗುತ್ತಿದ್ದಳು. ಅವಳು ಬಂದರೆ ದಿಲೀಪ ಎದ್ದು ಹೊರಗೆ ಹೋಗುತ್ತಿದ್ದ. ಮನೆಯಲ್ಲಿ ಅವನು ಅವಳೊಂದಿಗೆ ಮಾತು ಬಿಟ್ಟು ಎಷ್ಟು ದಿನವಾಯಿತೆಂದು ಅವಳು ಹೇಳಲಿಲ್ಲ, ಆದರೆ ಹುಡುಗಿ ಇಳಿದುಹೋಗಿದ್ದಳು. ತವರೂರು ಕೊಹಿನೂರಿನಿಂದ ಅವಳ ಅಣ್ಣ ಅತ್ತೆಯನ್ನು ನೋಡಲು ಬಂದ ದಿನ ಅವನ ಎದುರಿಗೇ ದಿಲೀಪ, ನಿಮ್ಮ ಮನೆಯಲ್ಲಿ ಇದನ್ನೂ ಕಲಿಸಲಿಲ್ಲವೇ ಎಂದ. ಅಣ್ಣನ ಮುಖ ಕಪ್ಪಿಟ್ಟಿತು. ಮೊದಲು ಬದನೆಕಾಯಿ, ಈಗ ಇವಳು ಎಂದುಕೊಂಡಳು ಕೇಶರಬಾಯಿ. ಹೇಳಿದರೆ ನಲವತ್ತು ವರ್ಷದ ಗೆಳೆತನದ ಬಾಗಿಲು ಮುಚ್ಚುತ್ತದೆ. ಹೇಳದಿದ್ದರೆ ಈ ಹುಡುಗಿಯ ಸಂಸಾರ ಕೊಳೆಯುತ್ತದೆ. ಇದು ಗೊತ್ತಿದ್ದೂ ಅವಳು ಇನ್ನೂ ಎಂಟು ದಿನ ಸುಮ್ಮನಿದ್ದಳು. ಅವಳನ್ನು ಒಳ್ಳೆಯವಳೆಂದು ತೋರಿಸಲು ಆ ಎಂಟು ದಿನವನ್ನು ಬಿಟ್ಟುಬಿಡಬಹುದಿತ್ತು, ಆದರೆ ಅವಳು ಸುಮ್ಮನಿದ್ದದ್ದು ನಿಜ.

ಇಪ್ಪತ್ಮೂರನೆಯ ದಿನ ಹೊಲಿಗೆ ಬಿಚ್ಚಿದರು. ಗಾಯ ಒಣಗಿ ಗಟ್ಟಿಯಾಗಿತ್ತು, ಒಂದು ಹನಿ ನೀರೂ ಒಸರಲಿಲ್ಲ. ಮನೆಗೆ ಹೋಗಬಹುದೆಂದರು. ದಿಲೀಪ ಆಟೊ ತಂದ. ಮೀನಾ ಬಟ್ಟೆ ಗಂಟು ಕಟ್ಟಿದಳು. ಕುಲ್ಸುಮ್ ಬೀ ಮತ್ತೆ ಬೆರಳು ಮಡಚಿ ಮನೆಯಲ್ಲಿ ಏನು ಮಾಡಬೇಕು, ಏನು ಮಾಡಬಾರದು ಎಂದು ಹೇಳತೊಡಗಿದಳು. ದಿಲೀಪ ಅದನ್ನು ಕೇಳುತ್ತ, ಈ ಸಲವಾದರೂ ಕಿವಿ ತೆರೆದು ಕೇಳು ಎಂದು ಹೆಂಡತಿಗೆ ಹೇಳಿದ. ಆಗ ಕೇಶರಬಾಯಿ ಎದ್ದು ನಿಂತಳು.

"ದಿಲೀಪ, ಪಟ್ಟಿ ಬಿಚ್ಚಿದಾಕಿ ನಾನು. ಉಗುಳು ಹಚ್ಚಿ ಬೆರಳು ಆಡಿಸಿದಾಕೀನೂ ನಾನ. ಮೀನಾ ಬ್ಯಾಡಂದ್ರೂ ಆಕಿನ್ನ ಚಹಾಕ್ಕ ಕಳಿಸಿ ಬಿಚ್ಚೇನಿ. ನಿಮ್ಮವ್ವ ನನ್ನ ಸಲುವಾಗಿ ಸುಳ್ಳು ಹೇಳ್ಯಾಳ."

ದಿಲೀಪ ಅವಳನ್ನು ನೋಡಿದ. ಬಯ್ಯಲು ಬಾಯಿ ತೆರೆದ, ಆದರೆ ಇಷ್ಟು ದಿನ ಬಯ್ದದ್ದು ಯಾರನ್ನು ಎಂಬುದು ಅಷ್ಟರಲ್ಲಿ ನೆನಪಾಗಿ ಬಾಯಿ ಹಾಗೇ ನಿಂತಿತು. ಆಗ ಮಂಚದ ಮೇಲಿನಿಂದ ಸುಮನಬಾಯಿಯ ದನಿ ಬಂತು. ಅವಳಿಗೆ ನಿಜವಾಗಿಯೂ ಸಿಟ್ಟು ಬಂದಿತ್ತು.

"ಮುಗಿಸಿದಿ? ಸಾಯೋತನಕಾ ನಿನ್ನ ಬಾಯಿ ಮುಚ್ಚಸಾಕ ಅದೊಂದ ಮಾತು ಇಟ್ಕೊಂಡಿದ್ದೆ. ಅದನ್ನೂ ನೀನ ಆಡಿ ಕಳದಿ."

ಕುಲ್ಸುಮ್ ಬೀ ಮೊದಲು ನಕ್ಕಳು. ಆಮೇಲೆ ಪಕ್ಕದ ಮಂಚದವರು ನಕ್ಕರು. ಸುಮನಬಾಯಿ ಹೊಟ್ಟೆಯ ಮೇಲೆ ದಿಂಬು ಒತ್ತಿ ಹಿಡಿದುಕೊಂಡು ನಕ್ಕಳು. ಕೇಶರಬಾಯಿ ಮಾತ್ರ ಅಳುತ್ತಿದ್ದಳು. ದಿಲೀಪ ಹೆಂಡತಿಯ ಹತ್ತಿರ ಹೋಗಿ ಅವಳ ಕೈಯ ಗಂಟನ್ನು ಇಸಿದುಕೊಳ್ಳಲು ನೋಡಿದ. ಮೀನಾ ಗಂಟು ಬಿಡಲಿಲ್ಲ, ಉಳಿದದ್ದನ್ನು ಮನೆಯಲ್ಲಿ ಮಾತಾಡೋಣ ಎಂದಳು. ಆ ದನಿ ಕೇಳಿದವರಿಗೆಲ್ಲ, ಮನೆಯಲ್ಲಿ ಮಾತಾಡುವವಳು ಅವಳು, ಕೇಳುವವನು ದಿಲೀಪ ಎಂಬುದು ತಿಳಿಯಿತು.

ಸುಮನಬಾಯಿಯನ್ನು ಮೆಲ್ಲಗೆ ಆಟೊದಲ್ಲಿ ಕೂರಿಸಿದರು. ತನ್ನನ್ನು ಇನ್ನು ಯಾರೂ ಕರೆಯುವುದಿಲ್ಲವೆಂದು ಕೇಶರಬಾಯಿ ಬಸ್ ಸ್ಟ್ಯಾಂಡಿನ ಕಡೆ ಹೊರಟಿದ್ದಳು. ಮೀನಾ ಅವಳನ್ನು ನಿಲ್ಲಿಸಿದಳು. ಅವಳ ಮುಖದಲ್ಲಿ ನಗು ಇರಲಿಲ್ಲ.

"ಇಪ್ಪತ್ಮೂರು ದಿನ ತಡಾ ಮಾಡಿದ್ರಿ, ಅತ್ತಿ."

ಹೌದವ್ವ ಎಂದಳು ಕೇಶರಬಾಯಿ. ಮೀನಾ ಆಟೊ ಹತ್ತಿ, ಗಂಟನ್ನು ತೊಡೆಯ ಮೇಲೆ ಎತ್ತಿಟ್ಟುಕೊಂಡು, ಒಬ್ಬರು ಕೂರುವಷ್ಟು ಜಾಗ ಬಿಟ್ಟಳು.